ಕಟ್ಟಿದ ಭಾಷೆಯಲ್ಲಿ ಹೋಲಿಕೆ

ಕೆಲವು ವರ್ಷಗಳ ಹಿಂದೆ ಒಂದು ಸಾಹಿತ್ಯಗೋಷ್ಠಿಯಲ್ಲಿ ನಾನು ಎಸ್ಪೆರಾಂಟೊ ಭಾಷೆಯನ್ನು ಕಾಗದದ ಹೂವಿಗೆ ಹೋಲಿಸಿದ್ದೆ. ಬಣ್ಣವುಂಟು, ಆಕಾರವುಂಟು, ಪರಿಮಳವಿಲ್ಲ ಎಂಬುದು ನನ್ನ ಮಾತಿನ ತಾತ್ಪರ್ಯ. ಸಭಿಕರು ನಕ್ಕರು, ಅಧ್ಯಕ್ಷರು ತಮ್ಮ ಭಾಷಣದಲ್ಲಿ ಆ ಮಾತನ್ನು ಮತ್ತೊಮ್ಮೆ ಎತ್ತಿ ಆಡಿದರು. ಮನುಷ್ಯನೊಬ್ಬ ಮೇಜಿನ ಮುಂದೆ ಕುಳಿತು ಕಟ್ಟಿದ ಭಾಷೆಯಲ್ಲಿ ವ್ಯವಹಾರ ನಡೆದೀತು, ಕಾವ್ಯ ನಡೆಯಲಾರದು ಎಂದು ನಾನು ಆಗ ದೃಢವಾಗಿ ನಂಬಿದ್ದೆ. ಆ ಮಾತನ್ನು ಹಿಂದೆಗೆದುಕೊಳ್ಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಹಾಗೆ ಮಾಡುವಂತೆ ನನ್ನನ್ನು ಒತ್ತಾಯಿಸಿದ್ದು ಯಾವ ಮಹಾಕಾವ್ಯವೂ ಅಲ್ಲ, ಒಂದು ಹಳೆಯ ಕಾಗದದಲ್ಲಿ ಇರದೆ ಹೋದ ಒಂದೇ ಒಂದು ಅಕ್ಷರ.

ನನ್ನ ಪರಿಚಿತರೊಬ್ಬರ ತಂದೆ ಎಸ್ಪೆರಾಂಟೊ ಬಲ್ಲವರು. ಯುರೋಪಿನ ಒಬ್ಬ ಗೃಹಸ್ಥರೊಡನೆ ಅವರಿಗೆ ಬಹುಕಾಲ ಪತ್ರವ್ಯವಹಾರವಿತ್ತು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಪತ್ರಗಳ ಕಟ್ಟೊಂದು ಸಿಕ್ಕಿತು. ಮನೆಯಲ್ಲಿ ಓದಬಲ್ಲವರು ಯಾರೂ ಇಲ್ಲ. ಕಾಲೇಜಿನ ದಿನಗಳಲ್ಲಿ ಕುತೂಹಲಕ್ಕೆಂದು ನಾನು ಆ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದೆನೆಂಬುದು ಅವರಿಗೆ ಗೊತ್ತಿತ್ತು. ಕಟ್ಟು ನನ್ನ ಕೈಗೆ ಬಂತು. ಒಂದೊಂದು ಪತ್ರವನ್ನೂ ಕನ್ನಡಿಸಿ, ಒಂದು ಸಂಜೆ ಅವರ ಮನೆಯ ನಡುಮನೆಯಲ್ಲಿ ಕುಳಿತು ಓದತೊಡಗಿದೆ. ತೀರಿಕೊಂಡವರ ಪತ್ನಿ, ಎಂಬತ್ತು ದಾಟಿದ ಅಜ್ಜಿ, ಕಂಬಕ್ಕೆ ಒರಗಿ ಕೇಳುತ್ತಿದ್ದರು.

ಇಲ್ಲಿಂದ ಹೋದ ಶ್ರೀಗಂಧದ ಒಂದು ಪುಟ್ಟ ಆನೆಗೆ ಆ ಗೃಹಸ್ಥರು ಕೃತಜ್ಞತೆ ಹೇಳಿ ಬರೆದ ಪತ್ರ ಬಂತು. ತಮ್ಮ ಮಗಳು ಆ ಆನೆಯನ್ನು ಕೈಯಿಂದ ಬಿಡುವುದಿಲ್ಲವೆಂದು ಅವರು ಬರೆದಿದ್ದರು. ಮುಂದಿನ ವಾಕ್ಯವನ್ನು ನಾನು ಹೀಗೆ ಓದಿದೆ: “ಅವಳು ನನಗಿಂತ ಹೆಚ್ಚಾಗಿ ನಿಮ್ಮನ್ನು ನೆನೆಯುತ್ತಾಳೆ.”

ಅಜ್ಜಿ ತಲೆಯೆತ್ತಿದರು. “ಪಾಪ, ಹೆತ್ತ ಅಪ್ಪನಿಗಿಂತ ಹೆಚ್ಚಾದರೇ ನಮ್ಮವರು ಆ ಮಗೂಗೆ? ಆತನಿಗೆ ಎಷ್ಟು ನೊಂದಿತ್ತೋ!”

ನಾನು ಮೂಲವನ್ನು ಮತ್ತೆ ನೋಡಿದೆ. ಅಲ್ಲಿದ್ದದ್ದು ‘ಓಲ್ ಮೀ’. ‘ಓಲ್ ಮೀನ್’ ಆಗಿರಲಿಲ್ಲ. ಕೊನೆಯಲ್ಲಿ ‘ನ್’ ಇಲ್ಲ. ಹಾಗೆಂದರೆ, ಮಗಳು ಅಪ್ಪನನ್ನು ನೆನೆಯುವುದರ ಮಾತು ಅಲ್ಲಿ ಇಲ್ಲವೇ ಇಲ್ಲ. ‘ನಾನು ನಿಮ್ಮನ್ನು ನೆನೆಯುವುದಕ್ಕಿಂತ ಅವಳು ನಿಮ್ಮನ್ನು ನೆನೆಯುವುದು ಹೆಚ್ಚು’ ಎಂದು ಆ ಮನುಷ್ಯ ತನ್ನ ಸೋಮಾರಿತನವನ್ನು ನಗುನಗುತ್ತ ಒಪ್ಪಿಕೊಂಡಿದ್ದ. ಅಜ್ಜಿಗೆ ಅದನ್ನು ವಿವರಿಸಿದೆ.

“ಹಾಗಿದ್ದರೆ ಹಾಗೇ ಬರೀಬಾರದಿತ್ತೇನಪ್ಪಾ?” ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಾವಿರಾರು ವರ್ಷ ಬಾಳಿದ ನನ್ನ ತಾಯ್ನುಡಿಯಲ್ಲಿ ನಾನು ಮಸುಕು ಮಾಡಿದ್ದನ್ನು, ನನ್ನ ಕಾಗದದ ಹೂವು ಒಂದು ವ್ಯಂಜನದಿಂದ ಸ್ಪಷ್ಟವಾಗಿ ಹೇಳಿಬಿಟ್ಟಿತ್ತು. ಮನೆಗೆ ಬಂದವನು, ಎಷ್ಟೋ ವರ್ಷದ ಹಿಂದೆ ಬದಿಗಿಟ್ಟಿದ್ದ ವ್ಯಾಕರಣವನ್ನು ಮತ್ತೆ ತೆರೆದೆ.

ಎಸ್ಪೆರಾಂಟೊವಿನ ಕರ್ತೃ ಲುಡ್ವಿಕ್ ಜಾಮೆನ್‌ಹಾಫ್. ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಬ್ಯಾಲಿಸ್ತೋಕ್ ಪಟ್ಟಣದಲ್ಲಿ 1859ರಲ್ಲಿ ಹುಟ್ಟಿದವನು. ವೃತ್ತಿಯಿಂದ ಕಣ್ಣಿನ ವೈದ್ಯ. ನಾಲ್ಕಾರು ಭಾಷೆಗಳ ಜನ ಒಬ್ಬರನ್ನೊಬ್ಬರು ಅಪನಂಬಿಕೆಯಿಂದ ನೋಡುವ ಊರಿನಲ್ಲಿ ಬೆಳೆದ ಆತ, ಯಾರಿಗೂ ಸ್ವಂತವಲ್ಲದ, ಆದ್ದರಿಂದ ಎಲ್ಲರಿಗೂ ಸಮಾನವಾದ ಭಾಷೆಯೊಂದನ್ನು ಕನಸಿದನು. 1887ರಲ್ಲಿ ವಾರ್ಸಾದಲ್ಲಿ ಮೊದಲ ಪುಸ್ತಕ ಹೊರಬಂತು. 1905ರಲ್ಲಿ ಪ್ರಕಟವಾದ ‘ಫುಂಡಮೆಂಟೊ’ ಎಂಬ ಗ್ರಂಥ ಈ ಭಾಷೆಯ ಬದಲಿಸಲಾಗದ ಅಡಿಪಾಯವೆಂದು ಅದೇ ವರ್ಷ ಬುಲೋನ್ ಪಟ್ಟಣದಲ್ಲಿ ನಡೆದ ಮೊದಲ ವಿಶ್ವ ಸಮ್ಮೇಳನದಲ್ಲಿ ಅಂಗೀಕಾರವಾಯಿತು. ಅದರ ವ್ಯಾಕರಣಕ್ಕೆ ಇರುವುದು ಹದಿನಾರೇ ಸೂತ್ರ. ಈ ಭಾಷೆಯ ಭಕ್ತರು ಹೆಮ್ಮೆಯಿಂದಲೂ ವಿರೋಧಿಗಳು ಹಾಸ್ಯದಿಂದಲೂ ಎತ್ತಿ ಆಡುವ ಸಂಖ್ಯೆ ಇದೇ.

ಈ ಹದಿನಾರರಲ್ಲಿ ಹೋಲಿಕೆಗೆ ದೊರೆತ ಜಾಗ ಎಷ್ಟು? ಮೂರನೆಯ ಸೂತ್ರದ ಒಂದು ತುಂಡು. ಗುಣವಾಚಕದ ವಿಚಾರ ಹೇಳುವಾಗ, ‘ಹೆಚ್ಚು’ ಎನ್ನಲು ‘ಪ್ಲಿ’, ‘ಎಲ್ಲಕ್ಕೂ ಹೆಚ್ಚು’ ಎನ್ನಲು ‘ಪ್ಲೆಯ್’ ಎಂದು ತಿಳಿಸಿ, ‘ಪ್ಲಿ’ ಬಂದಾಗ ‘ಓಲ್’ ಎಂಬ ಸಂಯೋಜಕಾವ್ಯಯವನ್ನು ಬಳಸಬೇಕೆಂದು ಹೇಳಿ ಜಾಮೆನ್‌ಹಾಫ್ ಮುಂದೆ ಹೋಗುತ್ತಾನೆ. ಒಂದು ವಸ್ತುವನ್ನು ಇನ್ನೊಂದು ವಸ್ತುವಿನೊಡನೆ ತೂಗುವುದಕ್ಕೆ ಇಷ್ಟು ಸಾಕು. ಆದರೆ ಮನುಷ್ಯರು ಬರಿಯ ವಸ್ತುಗಳನ್ನು ಹೋಲಿಸುತ್ತ ಕೂರುವುದಿಲ್ಲ. ಒಂದು ಕ್ರಿಯೆಯನ್ನು ಇನ್ನೊಂದು ಕ್ರಿಯೆಯೊಡನೆ, ಒಬ್ಬನ ಬಾಳನ್ನು ಇನ್ನೊಬ್ಬನ ಬಾಳಿನೊಡನೆ, ನಡೆದದ್ದನ್ನು ನಡೆಯಬಹುದಾಗಿದ್ದದ್ದರೊಡನೆ ಹೋಲಿಸುತ್ತಾರೆ. ಅಲ್ಲಿ ತಕ್ಕಡಿಯ ಎರಡು ತಟ್ಟೆಗಳಲ್ಲೂ ಪದಗಳಿಗೆ ಬದಲಾಗಿ ಪೂರ್ಣವಾಕ್ಯಗಳು ಕುಳಿತಿರುತ್ತವೆ.

ನಮ್ಮ ಆಲಂಕಾರಿಕರು ಇದನ್ನು ಚೆನ್ನಾಗಿ ಬಲ್ಲರು. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಉಪಮೆಯ ಬಗೆಗಳನ್ನು ಎಣಿಸುವಾಗ ‘ವಾಕ್ಯಾರ್ಥೋಪಮೆ’ ಎಂಬುದೊಂದನ್ನು ಹೇಳುತ್ತಾನೆ. ಒಂದು ವಾಕ್ಯದ ಅರ್ಥವನ್ನೇ ಇನ್ನೊಂದು ವಾಕ್ಯದ ಅರ್ಥಕ್ಕೆ ಹೋಲಿಸುವುದು ಅದರ ಲಕ್ಷಣ. ಅದರಲ್ಲಿಯೂ ಎರಡು ವಿಧ: ಹೋಲಿಕೆಯನ್ನು ಸೂಚಿಸುವ ‘ಇವ’ ಶಬ್ದ ಒಂದೇ ಸಲ ಬರುವುದು ಒಂದು, ಹಲವು ಸಲ ಬರುವುದು ಇನ್ನೊಂದು. ಮೊದಲಿಗೆ ಓದಿದಾಗ ಇದು ಪಂಡಿತರ ಲೆಕ್ಕಾಚಾರವೆಂದು ತೋರುತ್ತದೆ. ಆದರೆ ದಂಡಿ ಗುರುತಿಸಿರುವ ತೊಡಕು ನಿಜವಾದದ್ದು. ಇಡೀ ವಾಕ್ಯವನ್ನು ಇಡೀ ವಾಕ್ಯಕ್ಕೆ ಹೊಂದಿಸುವಾಗ, ಯಾವ ಭಾಗಕ್ಕೆ ಯಾವ ಭಾಗ ಜೋಡಿ ಎಂದು ಕೇಳುವವನಿಗೆ ತಿಳಿಯುವುದು ಹೇಗೆ? ಒಂದೇ ‘ಇವ’ ಇದ್ದರೆ ಆ ಜೋಡಣೆಯನ್ನು ಯಾರು ಕಾಯುತ್ತಾರೆ?

ಸಂಸ್ಕೃತದಲ್ಲಿ ಅದನ್ನು ಕಾಯುವುದು ವಿಭಕ್ತಿ. ಉಪಮೇಯ ಯಾವ ವಿಭಕ್ತಿಯಲ್ಲಿದೆಯೋ ಉಪಮಾನವೂ ಅದೇ ವಿಭಕ್ತಿಯಲ್ಲಿ ‘ಇವ’ದ ಪಕ್ಕದಲ್ಲಿ ನಿಲ್ಲುತ್ತದೆ. ಕರ್ತೃವಿಗೆ ಕರ್ತೃ ಜೋಡಿ, ಕರ್ಮಕ್ಕೆ ಕರ್ಮ ಜೋಡಿ. ಜಾಮೆನ್‌ಹಾಫ್ ಮಾಡಿದ್ದೂ ಇದನ್ನೇ. ಆದರೆ ಆತ ಅದನ್ನು ಬಿಡಿಸಿ ಹೇಳಲಿಲ್ಲ. ಒಂದು ಪಾರಿಭಾಷಿಕ ಶಬ್ದದೊಳಗೆ ಅಡಗಿಸಿಟ್ಟ. ಎಂಟನೆಯ ಸೂತ್ರದ ಪ್ರಕಾರ, ಪದದ ಹಿಂದೆ ಬರುವ ‘ಒಳಗೆ’, ‘ಮೇಲೆ’ ಮುಂತಾದ ಅರ್ಥದ ಸಂಬಂಧಸೂಚಕಗಳೆಲ್ಲ ಪ್ರಥಮೆಯನ್ನೇ ಬೇಡುತ್ತವೆ. ‘ಓಲ್’ ಅಂಥ ಸಂಬಂಧಸೂಚಕವಾಗಿದ್ದಿದ್ದರೆ ಅದರ ಮುಂದೆ ಸದಾ ‘ಮೀ’ ಬರಬೇಕಾಗಿತ್ತು. ‘ಮೀನ್’ ಎಂಬುದಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆತ ಅದನ್ನು ಸಂಯೋಜಕ ಎಂದು ಕರೆದ. ಸಂಯೋಜಕ ಜೋಡಿಸುವುದು ವಾಕ್ಯವನ್ನು. ಆದ್ದರಿಂದ ‘ಓಲ್’ನ ಮುಂದೆ ಕಣ್ಣಿಗೆ ಒಂದೇ ಪದ ಕಂಡರೂ ಅದರ ಹಿಂದೆ ಒಂದು ಇಡೀ ವಾಕ್ಯ ಅಡಗಿರುತ್ತದೆ. ಮನೆ ಬಿದ್ದುಹೋದರೂ ಬಾಗಿಲಿನ ಚೌಕಟ್ಟು ನಿಂತಿರುವಂತೆ, ಕ್ರಿಯಾಪದ ಲೋಪವಾದರೂ ಅದು ಬೇಡಿದ ವಿಭಕ್ತಿ ನಿಂತಿರುತ್ತದೆ. ‘ಮೀ’ ಎಂದರೆ ಆ ಅಡಗಿದ ವಾಕ್ಯದಲ್ಲಿ ನಾನು ನೆನೆಯುವವನು. ‘ಮೀನ್’ ಎಂದರೆ ನೆನೆಸಿಕೊಳ್ಳಲ್ಪಡುವವನು. ಲ್ಯಾಟಿನ್ ಭಾಷೆಯ ‘ಕ್ವಾಮ್’ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ.

ಇನ್ನು ನನ್ನ ಕನ್ನಡ ಎಡವಿದ್ದು ಎಲ್ಲಿ? ‘ಗಿಂತ’ ಎಂಬುದು ಚತುರ್ಥಿಯ ಮೇಲೆ ನಿಲ್ಲುವ ಮಾತು. ‘ನನಗೆ’ ಎಂಬುದರಿಂದ ‘ನನಗಿಂತ’, ‘ಅದಕ್ಕೆ’ ಎಂಬುದರಿಂದ ‘ಅದಕ್ಕಿಂತ’. ಕರ್ತೃವಾಗಿರಲಿ ಕರ್ಮವಾಗಿರಲಿ, ‘ಗಿಂತ’ದ ಹೊಸಿಲು ದಾಟಬೇಕಾದರೆ ತನ್ನ ವಿಭಕ್ತಿಯನ್ನು ಹೊರಗೆ ಕಳಚಿಟ್ಟು ಚತುರ್ಥಿಯ ವೇಷ ಹಾಕಿಕೊಂಡೇ ಒಳಗೆ ಬರಬೇಕು. ಒಳಗೆ ಬಂದಮೇಲೆ ಯಾರು ಯಾರೆಂದು ಗುರುತಿಸುವಂತಿಲ್ಲ. ತಾರತಮ್ಯ ಹೇಳುವ ಸಂಸ್ಕೃತದ ಪಂಚಮಿಯ ಕಥೆಯೂ ಇದೇ. ‘ಇವ’ ಉಳಿಸಿಕೊಂಡದ್ದನ್ನು ಪಂಚಮಿ ಕಳೆದುಬಿಡುತ್ತದೆ. ಹಾಗೆಂದು ಕನ್ನಡಕ್ಕೆ ದಾರಿಯಿಲ್ಲವೆಂದಲ್ಲ. ‘ನಾನು ನೆನೆಯುವುದಕ್ಕಿಂತ’ ಎಂದರೆ ಒಂದರ್ಥ. ‘ನನ್ನನ್ನು ನೆನೆಯುವುದಕ್ಕಿಂತ’ ಎಂದರೆ ಇನ್ನೊಂದು. ವಾಕ್ಯವನ್ನೇ ‘ಉದು’ ಪ್ರತ್ಯಯದಿಂದ ಒಂದು ಹೆಸರನ್ನಾಗಿ ಮಾಡಿ, ಆ ಹೆಸರಿಗೆ ‘ಗಿಂತ’ ಹಚ್ಚುವುದು ನಮ್ಮ ಕ್ರಮ. ಈ ಕ್ರಮದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ನಾನು ಎರಡು ಪದ ಉಳಿಸಲು ಹೋಗಿ ಅಜ್ಜಿಯ ಕಣ್ಣಲ್ಲಿ ನೀರು ತರಿಸಿದೆ. ತಪ್ಪು ಕನ್ನಡದ್ದಲ್ಲ, ಕನ್ನಡಿಸಿದವನದು.

ಇಲ್ಲಿ ಒಂದು ಸ್ವಾರಸ್ಯವಿದೆ. ತರ್ಕಶಾಸ್ತ್ರದ ತಳಹದಿಯ ಮೇಲೆ ಭಾಷೆ ಕಟ್ಟುವ ಪ್ರಯತ್ನಗಳು ಎಸ್ಪೆರಾಂಟೊವಿನ ಅನಂತರ ನಡೆದವು. ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಆರಂಭಿಸಿದ ‘ಲಾಗ್ಲಾನ್’ ಒಂದು. ಅದರಿಂದ ಕವಲೊಡೆದು 1987ರಲ್ಲಿ ಮೊದಲಾದ ‘ಲೋಜ್‌ಬಾನ್’ ಇನ್ನೊಂದು. ಲೋಜ್‌ಬಾನಿನಲ್ಲಿ ‘ಗಿಂತ’ಕ್ಕೆ ಸಮನಾಗಿ ನಿಲ್ಲುವುದು ‘ಜ್ಮಾದು’ ಎಂಬ ಕ್ರಿಯಾಪದ. ‘ಮೀರು’ ಎಂದು ಅರ್ಥ. ಅದಕ್ಕೆ ನಾಲ್ಕು ಸ್ಥಾನಗಳು: ಮೀರುವುದು ಯಾವುದು, ಯಾವುದನ್ನು, ಯಾವ ಗುಣದಲ್ಲಿ, ಎಷ್ಟರ ಮಟ್ಟಿಗೆ. ಎರಡು ವಾಕ್ಯಗಳನ್ನು ಹೋಲಿಸಬೇಕಾದಾಗ, ಒಂದೊಂದು ವಾಕ್ಯಕ್ಕೂ ಮುಂದೆ ‘ನು’ ಎಂಬ ಚಿಹ್ನೆ ಹಚ್ಚಿ ಅದನ್ನು ಒಂದು ‘ಸಂಗತಿ’ಯನ್ನಾಗಿ ಮಾಡಿ, ‘ಈ ಸಂಗತಿ ಆ ಸಂಗತಿಯನ್ನು ಮೀರುತ್ತದೆ’ ಎಂದು ಹೇಳಬಹುದು. ಇದನ್ನು ಓದಿದಾಗ ನನಗೆ ನಗು ಬಂತು. ತಾರ್ಕಿಕರು ಆಳವಾಗಿ ಯೋಚಿಸಿ ಕಂಡುಕೊಂಡ ಉಪಾಯ ನಮ್ಮ ‘ಉದಕ್ಕಿಂತ’ವಲ್ಲದೆ ಮತ್ತೇನು? ‘ಬೇಡುವುದಕ್ಕಿಂತ ಹಸಿದಿರುವುದು ಲೇಸು’ ಎನ್ನುವ ಹಳ್ಳಿಯವನು ತನಗರಿವಿಲ್ಲದೆಯೇ ಎರಡು ಸಂಗತಿಗಳನ್ನು ಹೆಸರುಗಳನ್ನಾಗಿ ಮಾಡಿ ತೂಗಿರುತ್ತಾನೆ. ಆದರೆ ಲೋಜ್‌ಬಾನಿನ ದಾರಿಯಲ್ಲಿ ಸ್ಪಷ್ಟತೆಗೆ ತೆರುವ ಬೆಲೆ ಉದ್ದ. ಒಂದು ಅಕ್ಷರದಲ್ಲಿ ಮುಗಿಯುವುದನ್ನು ಎರಡು ಪೂರ್ಣವಾಕ್ಯಗಳಲ್ಲಿ ಹೇಳಬೇಕಾಗುತ್ತದೆ. ನ್ಯಾಯಾಲಯದಲ್ಲಿ ಇದು ಗುಣ, ಕಾವ್ಯದಲ್ಲಿ ಭಾರ.

ಎಸ್ಪೆರಾಂಟೊವಿನ ಇನ್ನುಳಿದ ಹೋಲಿಕೆಗಳನ್ನೂ ನೋಡೋಣ. ಸಮತೆಯನ್ನು ಹೇಳುವುದಕ್ಕೆ ‘ತೀಯೆಲ್ – ಕೀಯೆಲ್’, ‘ತೀಯೊಮ್ – ಕೀಯೊಮ್’ ಎಂಬ ಜೋಡಿಗಳಿವೆ. ಮೊದಲನೆಯದು ರೀತಿಗೆ, ಎರಡನೆಯದು ಪ್ರಮಾಣಕ್ಕೆ. ಇವು ನಲವತ್ತೈದು ಪದಗಳ ಒಂದು ಅಚ್ಚುಕಟ್ಟಾದ ಕೋಷ್ಟಕಕ್ಕೆ ಸೇರಿದವು. ‘ಕೀ’ ಎಂದು ಮೊದಲಾಗುವುದು ಪ್ರಶ್ನೆ, ‘ತೀ’ ಎಂದು ಮೊದಲಾಗುವುದು ನಿರ್ದೇಶ. ಕನ್ನಡಿಗನಿಗೆ ಇದು ತವರುಮನೆಯ ಅಂಗಳ: ಎಷ್ಟು – ಅಷ್ಟು, ಹೇಗೆ – ಹಾಗೆ, ಎಲ್ಲಿ – ಅಲ್ಲಿ, ಯಾವಾಗ – ಆಗ. ಆದರೆ ಬಳಕೆಯಲ್ಲಿ ಭೇದವುಂಟು. ‘ಅವನ ತಂದೆ ಹೇಗೆ ಹಾಡುತ್ತಿದ್ದನೋ ಹಾಗೆ ಅವನು ಹಾಡುತ್ತಾನೆ’ ಎಂಬುದು ಕನ್ನಡವೇ. ಆದರೆ ಹರಿಕಥೆಯ ದಾಸರ, ಪುರಾಣ ಹೇಳುವವರ ಕನ್ನಡ. ಮನೆಮಾತಿನಲ್ಲಿ ‘ಅವನ ತಂದೆ ಹಾಡುತ್ತಿದ್ದ ಹಾಗೆ’ ಎಂದು ಕೃದಂತದಿಂದ ಸುಲಭವಾಗಿ ಮುಗಿಸುತ್ತೇವೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯಲ್ಲಿ ಒಂದು ವಾಕ್ಯ ಇನ್ನೊಂದಕ್ಕೆ ಅಳತೆಗೋಲಾಗಿದೆ. ಅಲ್ಲಿ ‘ಎಷ್ಟು’ ಕಾಣಿಸುವುದೇ ಇಲ್ಲ. ನಮ್ಮಲ್ಲಿ ಅಳತೆಗೋಲು ಮೊದಲು ಬರುತ್ತದೆ, ಅಳೆಸಿಕೊಳ್ಳುವ ವಸ್ತು ಆಮೇಲೆ. ಎಸ್ಪೆರಾಂಟೊವಿನಲ್ಲಿ ಸಾಮಾನ್ಯವಾಗಿ ವಸ್ತು ಮೊದಲು, ಕೋಲು ಆಮೇಲೆ. ಆ ಭಾಷೆಯ ಕವಿತೆಯನ್ನು ಕನ್ನಡಿಸುವವರಿಗೆ ಕಷ್ಟ ಎದುರಾಗುವುದು ಇಲ್ಲಿಯೇ. ಸಾಲಿನ ಕೊನೆಯಲ್ಲಿ ಮಿಂಚಬೇಕಾದ ಉಪಮಾನ ನಮ್ಮಲ್ಲಿ ಸಾಲಿನ ಆರಂಭದಲ್ಲೇ ಖರ್ಚಾಗಿಹೋಗುತ್ತದೆ.

‘ಕೀಯೆಲ್’ಗೆ ಒಂದು ದೋಷವೂ ಇದೆ; ಅದನ್ನು ಮುಚ್ಚಿಡುವುದು ವಿಮರ್ಶೆಯಲ್ಲ. ‘ರಾಜನಾಗಿ ಮಾತಾಡಿದ’, ‘ರಾಜನಂತೆ ಮಾತಾಡಿದ’ ಇವೆರಡಕ್ಕೂ ಅದು ಒಂದೇ ಪದವನ್ನು ಕೊಡುತ್ತದೆ. ನಿಜವಾಗಿ ರಾಜನಾಗಿರುವವನೂ ರಾಜನ ಠೀವಿಯನ್ನು ಎರವಲು ತಂದವನೂ ಅಲ್ಲಿ ಒಂದೇ ಪೋಷಾಕು ತೊಡುತ್ತಾರೆ. ಕನ್ನಡದ ‘ಆಗಿ’ ಮತ್ತು ‘ಅಂತೆ’ ಈ ಎರಡನ್ನು ಎಂದೂ ಬೆರೆಸಲಾರವು. ಆದರೆ ಅದೇ ‘ಕೀಯೆಲ್’ ಕರ್ಮದ ಜೊತೆ ಬಂದಾಗ ಮತ್ತೆ ‘ನ್’ ನೆರವಿಗೆ ನಿಲ್ಲುತ್ತದೆ. ‘ಅವನನ್ನು ರಾಜನಂತೆ ಉಪಚರಿಸಿದೆ’ ಎಂದು ನಾನು ಬರೆದರೆ, ಉಪಚಾರ ಮಾಡಿದ ನಾನು ರಾಜನಂತಿದ್ದೆನೋ, ಉಪಚಾರ ಪಡೆದ ಅವನು ರಾಜನಂತಿದ್ದನೋ? ಸಂದರ್ಭವನ್ನು ನೋಡಿ ಓದುಗನೇ ತೀರ್ಮಾನಿಸಬೇಕು. ಎಸ್ಪೆರಾಂಟೊ ‘ರೇಜೊ’ ಎಂದರೆ ಮೊದಲನೆಯದು, ‘ರೇಜೊನ್’ ಎಂದರೆ ಎರಡನೆಯದು. ಸಂಸ್ಕೃತದ ‘ಇವ’ಕ್ಕೆ ಇದ್ದ ಶಿಸ್ತೇ ಇದು.

ಕಲ್ಪಿತವಾದ ಹೋಲಿಕೆಗೆ ಇನ್ನೊಂದು ಪದವಿದೆ: ‘ಕ್ವಾಜವ್’. ಲ್ಯಾಟಿನ್ನಿನ ‘ಕ್ವಾಸಿ’ಯ ಮಗು. ನಮ್ಮ ಶಾಸ್ತ್ರದ ಮಾತಿನಲ್ಲಿ ‘ಕೀಯೆಲ್’ ಉಪಮೆಯಾದರೆ ‘ಕ್ವಾಜವ್’ ಉತ್ಪ್ರೇಕ್ಷೆ. ಅದರ ಮುಂದಿನ ಕ್ರಿಯಾಪದ ಬಹುಮಟ್ಟಿಗೆ ‘ಉಸ್’ ಎಂಬ ಪ್ರತ್ಯಯವನ್ನು ತಳೆದು, ಇದು ನಡೆದದ್ದಲ್ಲ, ಊಹಿಸಿದ್ದು ಎಂದು ಸಾರುತ್ತದೆ. ‘ಅವನು ಅಳುವ ಹಾಗೆ ನಗುತ್ತಾನೆ’ ಎಂಬ ನಮ್ಮ ವಾಕ್ಯವನ್ನು ತೆಗೆದುಕೊಳ್ಳಿ. ಅವನು ಅಳುವ ರೀತಿ ಯಾವುದೋ ನಗುವ ರೀತಿಯೂ ಅದೇ ಎಂದು ಅರ್ಥವೇ? ನಗುವಾಗ ಅಳುತ್ತಿರುವವನಂತೆ ತೋರುತ್ತಾನೆ ಎಂದೇ? ಮೊದಲನೆಯದು ಅವನ ಸ್ವಭಾವದ ವರ್ಣನೆ, ಎರಡನೆಯದು ನೋಡುವವನ ಕಲ್ಪನೆ. ‘ಅಳುತ್ತಿದ್ದಾನೋ ಎಂಬಂತೆ’ ಎಂದು ಬಿಡಿಸಿದರೆ ನಮ್ಮಲ್ಲಿಯೂ ಉತ್ಪ್ರೇಕ್ಷೆ ಖಚಿತವಾಗುತ್ತದೆ. ಆದರೆ ಇತ್ತೀಚಿನ ನಮ್ಮ ಗದ್ಯದಲ್ಲಿ ಆ ‘ಓ ಎಂಬಂತೆ’ ಅಪರೂಪವಾಗುತ್ತಿದೆ. ಎಲ್ಲಕ್ಕೂ ‘ಹಾಗೆ’ ಒಂದೇ ಸಾಕೆಂಬ ಔದಾಸೀನ್ಯ ಬಂದಿದೆ.

ಕೊನೆಯದು ‘ಯೂ ಪ್ಲಿ – ದೆಸ್ ಪ್ಲಿ’. ಒಂದು ಹೆಚ್ಚಿದಂತೆ ಇನ್ನೊಂದು ಹೆಚ್ಚುವುದನ್ನು ಹೇಳುವ ಜೋಡಿ. ಹದಿನಾರು ಸೂತ್ರಗಳಲ್ಲಿ ಇದರ ಸುಳಿವಿಲ್ಲ. ‘ಫುಂಡಮೆಂಟೊ’ವಿನ ಶಬ್ದಕೋಶದಲ್ಲಿ ಮಾತ್ರ, ಫ್ರೆಂಚ್, ಇಂಗ್ಲಿಷ್, ಜರ್ಮನ್, ರಷ್ಯನ್, ಪೋಲಿಷ್ ಎಂಬ ಐದು ಭಾಷೆಗಳ ಅರ್ಥದೊಡನೆ ಕುಳಿತಿದೆ. ಇದು ಜರ್ಮನ್ ಭಾಷೆಯ ‘ಯೆ – ದೆಸ್ಟೊ’ವಿನ ಪಡಿಯಚ್ಚು. ಕೋಷ್ಟಕದಲ್ಲಿ ‘ಕೀಯೊಮ್ – ತೀಯೊಮ್’ ಸಿದ್ಧವಾಗಿದ್ದಾಗ ಈ ಹೊಸ ಜೋಡಿ ಏಕೆ ಬೇಕಾಯಿತು? ಕನ್ನಡವಂತೂ ‘ಅಗೆದಷ್ಟೂ ಆಳ, ಬಗೆದಷ್ಟೂ ನೀರು’ ಎಂದು ಒಂದು ‘ಊ’ಕಾರದಲ್ಲಿ ಕೆಲಸ ತೀರಿಸುತ್ತದೆ. ತರ್ಕದ ದೃಷ್ಟಿಯಿಂದ ‘ಯೂ – ದೆಸ್’ ಅನಾವಶ್ಯಕ. ಕಿವಿಯ ದೃಷ್ಟಿಯಿಂದ ನೋಡಿದರೆ, ವಾಕ್ಯದ ಎರಡು ತಲೆಬಾಗಿಲಲ್ಲೂ ಒಂದೊಂದು ಪೆಟ್ಟು ಬಾರಿಸಿ ಬರುವ ಈ ಜೋಡಿ ಗಾದೆಗೂ ಪದ್ಯಕ್ಕೂ ಹೇಳಿ ಮಾಡಿಸಿದಂತಿದೆ. ಜನ ಅದನ್ನು ಉಳಿಸಿಕೊಂಡರು. ತರ್ಕಕ್ಕೆ ಒಗ್ಗದ್ದು ಬಳಕೆಗೆ ಒಗ್ಗಿತು.

ಈ ಕೊನೆಯ ಸಂಗತಿಯೇ ನನ್ನ ಹಳೆಯ ಅಭಿಪ್ರಾಯದ ಬುಡವನ್ನು ಅಲುಗಿಸಿತು. ಕಟ್ಟಿದ ಭಾಷೆ ಎಂದರೆ ಕಟ್ಟಿ ಮುಗಿದ ಭಾಷೆ ಎಂದು ನಾನು ತಿಳಿದಿದ್ದೆ. ಜಾಮೆನ್‌ಹಾಫ್ ಕಟ್ಟಿದ್ದು ಅಡಿಪಾಯ. ವಾಕ್ಯಕ್ಕೂ ವಾಕ್ಯಕ್ಕೂ ನಡುವಣ ಗೋಡೆಗಳನ್ನು ಎಬ್ಬಿಸಿದವರು ಅನುವಾದಕರು ಮತ್ತು ಕವಿಗಳು. ಆ ಕೆಲಸಕ್ಕೆ ಮೊದಲು ಕೈ ಹಾಕಿದವನೂ ಆತನೇ. ಭಾಷೆ ಹುಟ್ಟಿ ಏಳು ವರ್ಷ ತುಂಬುವಾಗ, 1894ರಲ್ಲಿ, ಆತ ‘ಹ್ಯಾಮ್ಲೆಟ್’ ನಾಟಕವನ್ನು ಅದಕ್ಕೆ ತಂದ. ಆ ನಾಟಕದ ಪ್ರಸಿದ್ಧ ಸ್ವಗತದ ತಿರುಳೇ ಒಂದು ವಾಕ್ಯಾರ್ಥದ ತೂಕ: ತಿಳಿದ ಕಷ್ಟವನ್ನು ಹೊತ್ತಿರುವುದೋ, ತಿಳಿಯದ ಕಷ್ಟದ ಕಡೆಗೆ ಹಾರುವುದೋ? ಅಲ್ಲಿ ತಕ್ಕಡಿಯಲ್ಲಿರುವುವು ಎರಡು ಕ್ರಿಯೆಗಳು. ಗುಣವಾಚಕಕ್ಕೆಂದು ಬರೆದ ಮೂರನೆಯ ಸೂತ್ರ ಅಲ್ಲಿಯತನಕ ಕೈ ಚಾಚಲೇಬೇಕಾಗಿತ್ತು. ನಮ್ಮಲ್ಲಿ ಕುವೆಂಪು ಅದೇ ನಾಟಕವನ್ನು ‘ರಕ್ತಾಕ್ಷಿ’ಯಾಗಿ ರೂಪಾಂತರಿಸಿದರು, ಅವರ ಬೆನ್ನಿಗೆ ಪಂಪ ಕುಮಾರವ್ಯಾಸರಿಂದ ಬಂದ ಕನ್ನಡವಿತ್ತು, ಆದ್ದರಿಂದ ಕಥೆಯನ್ನು ಬಿದನೂರಿಗೆ ತಂದು ತಮ್ಮದಾಗಿಸಿಕೊಳ್ಳುವ ಸ್ವಾತಂತ್ರ್ಯವೂ ಇತ್ತು. ಜಾಮೆನ್‌ಹಾಫನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಆತ ಪರೀಕ್ಷೆಗೆ ಒಡ್ಡಿದ್ದು ನಾಟಕವನ್ನಲ್ಲ, ಭಾಷೆಯನ್ನು.

ಗಾದೆಗಳನ್ನೂ ಆತ ಬಿಡಲಿಲ್ಲ. ತನ್ನ ತಂದೆ ಮಾರ್ಕ್ ಜಾಮೆನ್‌ಹಾಫ್ ಹಲವು ಭಾಷೆಗಳಿಂದ ಕೂಡಿಹಾಕಿದ್ದ ಗಾದೆಗಳ ಆಧಾರದ ಮೇಲೆ ಎರಡೂವರೆ ಸಾವಿರಕ್ಕೂ ಹೆಚ್ಚಿನ ಎಸ್ಪೆರಾಂಟೊ ಗಾದೆಗಳ ಸಂಗ್ರಹವನ್ನು 1910ರಲ್ಲಿ ಹೊರತಂದನು. ಗಾದೆಯನ್ನು ಕಟ್ಟಲಾಗದು, ಅದು ಬೆಳೆಯಬೇಕು ಎಂದು ನಾವು ಹೇಳುತ್ತೇವೆ. ಆದರೆ ಗಾದೆಯಲ್ಲಿ ಭಾಷೆಯೊಂದರ ಹೋಲಿಕೆಯ ಶಕ್ತಿಯೆಲ್ಲ ಮುದ್ದೆಗಟ್ಟಿರುತ್ತದೆ ಎಂಬುದನ್ನು ಆತ ಅರಿತಿದ್ದ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎನ್ನುವಾಗ ಎರಡು ಹೋಲಿಕೆಗಳು ಪಕ್ಕಪಕ್ಕದಲ್ಲಿ ನಿಂತು, ಅವೆರಡರ ನಡುವೆ ಮಾತಿಲ್ಲದ ಮೂರನೆಯ ಹೋಲಿಕೆಯೊಂದು ಹುಟ್ಟುತ್ತದೆ. ನಮ್ಮ ಆಲಂಕಾರಿಕರು ದೃಷ್ಟಾಂತ, ಪ್ರತಿವಸ್ತೂಪಮೆ ಎಂದು ವಾಚಕಶಬ್ದವಿಲ್ಲದ ಹೋಲಿಕೆಗಳಿಗೆ ಹೆಸರಿಟ್ಟದ್ದು ಇಂಥ ಶಕ್ತಿಯನ್ನು ಕಂಡೇ.

ಆಮೇಲೆ ಕವಿಗಳು ಬಂದರು. ಹಂಗೇರಿಯ ವೈದ್ಯ ಕಾಲ್ಮಾನ್ ಕಲೋಚಾಯ್ 1931ರಲ್ಲಿ ‘ಸ್ಟ್ರೆಚೀತ ಕೋರ್ದೊ’, ಎಂದರೆ ‘ಬಿಗಿದ ತಂತಿ’, ಎಂಬ ಕವನಸಂಗ್ರಹವನ್ನು ಪ್ರಕಟಿಸಿದ. ಅದೇ ಕವಿ ಫ್ರಾನ್ಸಿನ ಗಾಸ್ತೋನ್ ವಾರಂಗ್ಯಾನ್‌ನೊಡನೆ ಸೇರಿ 1935ರಲ್ಲಿ ಆ ಭಾಷೆಯ ಪೂರ್ಣ ವ್ಯಾಕರಣವನ್ನೂ ಬರೆದ. ಕವಿಯೇ ವ್ಯಾಕರಣಕಾರನಾದದ್ದು ನಮಗೆ ವಿಚಿತ್ರವಾಗಿ ಕಾಣಬೇಕಾಗಿಲ್ಲ. ನಮ್ಮಲ್ಲಿ ಉಪಲಬ್ಧವಾದ ಮೊದಲ ಗ್ರಂಥ ‘ಕವಿರಾಜಮಾರ್ಗ’ವೇ ಕಾವ್ಯದ ಶಾಸ್ತ್ರವನ್ನು ಕಾವ್ಯದಲ್ಲಿ ಹೇಳುತ್ತದೆ, ಕನ್ನಡ ಯಾವುದು, ಹೇಗಿರಬೇಕು ಎಂಬ ಪ್ರಶ್ನೆಯನ್ನೂ ಅದು ಅದೇ ಉಸಿರಿನಲ್ಲಿ ಎತ್ತಿಕೊಳ್ಳುತ್ತದೆ. ದಂಡಿಯ ಹಾದಿಯಲ್ಲಿ ನಡೆಯುತ್ತಲೇ ಕನ್ನಡದ ಜಾಯಮಾನವನ್ನು ಹುಡುಕಿದ ಗ್ರಂಥ ಅದು. ಭಾಷೆಯೊಂದು ತನ್ನ ಕಾಲ ಮೇಲೆ ನಿಲ್ಲಲು ಹವಣಿಸುವ ಘಟ್ಟದಲ್ಲಿ ಕವಿಗೂ ವೈಯಾಕರಣನಿಗೂ ಬೇರೆ ಬೇರೆ ಕೋಣೆಗಳಿರುವುದಿಲ್ಲ. 1956ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಆಲ್ಡ್ ‘ಲಾ ಇನ್‌ಫಾನ ರಾಸೊ’ ಎಂಬ ದೀರ್ಘ ಕಾವ್ಯವನ್ನು ಬರೆದಾಗ ಎಸ್ಪೆರಾಂಟೊವಿಗೆ ಇನ್ನೂ ಎಪ್ಪತ್ತು ವರ್ಷ ತುಂಬಿರಲಿಲ್ಲ. ಮುಂದೆ ಆತನ ಹೆಸರು ನೊಬೆಲ್ ಪಾರಿತೋಷಕಕ್ಕೆ ಸೂಚಿತವಾಯಿತು. ಭಾರತಕ್ಕೂ ಈ ಕಥೆಯಲ್ಲಿ ಪಾಲಿದೆ: 2007ರಿಂದ 2013ರವರೆಗೆ ವಿಶ್ವ ಎಸ್ಪೆರಾಂಟೊ ಸಂಘದ ಅಧ್ಯಕ್ಷರಾಗಿದ್ದವರು ಬಂಗಾಳಿ ಭಾಷಾವಿಜ್ಞಾನಿ ಪ್ರಬಾಲ್ ದಾಸ್‌ಗುಪ್ತ.

ಇಷ್ಟನ್ನೂ ಹೇಳಿ, ಎಸ್ಪೆರಾಂಟೊ ನಮ್ಮ ಭಾಷೆಗಳಿಗಿಂತ ಮೇಲು ಎಂದು ನಾನು ಸಾಧಿಸಹೊರಟಿಲ್ಲ. ‘ಆಗಿ’ – ‘ಅಂತೆ’ಗಳ ಭೇದದಲ್ಲಿ ಕನ್ನಡ ಅದನ್ನು ಸೋಲಿಸುತ್ತದೆ. ಅದರ ಕಿವಿ ಯುರೋಪಿನ ಕಿವಿ ಎಂಬ ಆಕ್ಷೇಪಣೆಗೆ ‘ಯೂ – ದೆಸ್’ ಒಂದೇ ಸಾಕ್ಷಿ ಸಾಕು. ಹದಿನಾರು ಸೂತ್ರ ಕಲಿತರೆ ಭಾಷೆ ಬಂತು ಎಂದು ಹೇಳುವ ಅದರ ಭಕ್ತರನ್ನೂ ನಂಬಬೇಕಾಗಿಲ್ಲ. ಸೂತ್ರಗಳಲ್ಲಿ ಇಲ್ಲದ್ದನ್ನು ಕಲಿಯುವುದರಲ್ಲೇ ಕಾಲವೆಲ್ಲ ಕಳೆಯುತ್ತದೆ. ನನ್ನ ವಾದ ಇಷ್ಟೇ: ಭಾಷೆ ಜೀವಂತವೋ ಅಲ್ಲವೋ ಎಂದು ತಿಳಿಯಲು ಅದು ಹುಟ್ಟಿದ ರೀತಿಯನ್ನು ವಿಚಾರಿಸಿ ಪ್ರಯೋಜನವಿಲ್ಲ. ಒಬ್ಬನ ನೆನಪನ್ನು ಇನ್ನೊಬ್ಬನ ನೆನಪಿನೊಡನೆ ತೂಗಬೇಕಾಗಿ ಬಂದಾಗ ಅದು ಏನು ಮಾಡುತ್ತದೆ ಎಂದು ನೋಡಬೇಕು. ಆ ಗೃಹಸ್ಥ ತನ್ನ ಪತ್ರದಲ್ಲಿ ‘ನ್’ ಹಚ್ಚದೆ ಬಿಟ್ಟಾಗ ಯಾವ ಸೂತ್ರವನ್ನೂ ನೆನೆದಿರಲಾರ. ಮಗಳ ಕೈಯಲ್ಲಿದ್ದ ಆನೆಯನ್ನು ನೋಡುತ್ತ, ಸುಮ್ಮನೆ ಬರೆದ. ಅರ್ಥ ಸರಿಯಾಗಿ ನಿಂತಿತು. ಅದಕ್ಕಿಂತ ಹೆಚ್ಚಿನ ಪರಿಮಳವನ್ನು ನಾನು ಯಾವ ಭಾಷೆಯಿಂದಲೂ ಬೇಡಲಾರೆ.

ನಮ್ಮ ಅನುವಾದಕ ಮಿತ್ರರಿಗೆ ಒಂದು ಮಾತು. ಪರಭಾಷೆಯ ಹೋಲಿಕೆಯನ್ನು ತರುವಾಗ ‘ಗಿಂತ’ವನ್ನೂ ‘ಹಾಗೆ’ಯನ್ನೂ ಹಚ್ಚಿ ಕೈತೊಳೆದುಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿದೆ. ಅಡಗಿದ ವಾಕ್ಯ ಯಾವುದೆಂದು ಒಂದು ಕ್ಷಣ ಕೇಳಿಕೊಂಡು, ಬೇಕಾದಲ್ಲಿ ಅದನ್ನು ಬಿಡಿಸಿ ಬರೆದರೆ ಕನ್ನಡಕ್ಕೆ ಕೊರತೆಯೇನೂ ಇಲ್ಲ. ಪದಗಳು ಎರಡು ಹೆಚ್ಚಾದಾವು, ಆಗಲಿ.

ಪತ್ರಗಳ ಕಟ್ಟನ್ನು ಹಿಂದಿರುಗಿಸುವ ಮೊದಲು ಆ ವಾಕ್ಯವನ್ನು ತಿದ್ದಿದೆ: “ನಾನು ನಿಮ್ಮನ್ನು ನೆನೆಯುವುದಕ್ಕಿಂತ ಹೆಚ್ಚಾಗಿ ಅವಳು ನಿಮ್ಮನ್ನು ನೆನೆಯುತ್ತಾಳೆ.” ಓದಿ ಹೇಳಿದೆ. ಅಜ್ಜಿ ಕೇಳಿ, ಇದು ಸರಿ ಎನ್ನುವಂತೆ ತಲೆಯಾಡಿಸಿ, “ಆ ಆನೆ ಈಗಲೂ ಇದೆಯೋ ಏನೋ” ಎಂದರು.